ಹಳೆಯ ಹೆಸರುಗಳ ಜಾಡಿನಲ್ಲಿ ನಾಲ್ಕು ತಾಲ್ಲೂಕು

1898ರಲ್ಲಿ ಅಚ್ಚಾದ, ಶಾಸನಗಳ ಸಂಗ್ರಹವಾದ ‘ಎಪಿಗ್ರಾಫಿಯಾ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಕೃಷ್ಣರಾಜನಗರ ಎಂಬ ತಾಲ್ಲೂಕಿಲ್ಲ. ಪಿರಿಯಾಪಟ್ಟಣ ಎಂಬ ತಾಲ್ಲೂಕೂ ಇಲ್ಲ. ಹುಣಸೂರು ಇದೆ, ಹೆಗ್ಗಡದೇವನಕೋಟೆ ಇದೆ, ಅವುಗಳ ಜೊತೆ ಎಡತೊರೆ ಇದೆ. ಮೊದಲ ಸಲ ಆ ಸಂಪುಟ ಕೈಗೆ ಬಂದಾಗ ಬೇಕಾದ ಊರು ಸಿಗದೆ ಅರ್ಧ ದಿನ ಕಳೆದೆ. ಆಮೇಲೆ ತಿಳಿಯಿತು: ಇವತ್ತಿನ ಕೃಷ್ಣರಾಜನಗರವೇ ಅವತ್ತಿನ ಎಡತೊರೆ ತಾಲ್ಲೂಕು, ಪಿರಿಯಾಪಟ್ಟಣ ಅವತ್ತು ಹುಣಸೂರಿನ ಮಡಿಲಲ್ಲಿತ್ತು. ದಾಖಲೆ ಕಳೆದಿರಲಿಲ್ಲ, ಹೆಸರು ಬದಲಾಗಿತ್ತು, ಅಷ್ಟೆ.

ಆ ಅರ್ಧ ದಿನದಿಂದಲೇ ಈ ತಿರುಗಾಟ ಹುಟ್ಟಿತು. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಲಂ ಎಳೆದುಕೊಂಡೆ. ಮೊದಲನೆಯದರಲ್ಲಿ ಶಾಸನದಲ್ಲಿ ಬರುವ ಊರ ಹೆಸರು, ಎರಡನೆಯದರಲ್ಲಿ ಆ ಸಂಪುಟಗಳನ್ನು ತಂದ ರೈಸರ ಗೆಜೆಟಿಯರಿನಲ್ಲಿ ಇರುವ ಹೆಸರು, ಮೂರನೆಯದರಲ್ಲಿ ಈಗ ರಸ್ತೆಬದಿಯ ಬೋರ್ಡಿನಲ್ಲಿ ಬರೆದಿರುವ ಹೆಸರು. ಮೂರೂ ಕಲಂ ತುಂಬಿದ ಊರಿಗೆ ಕಾರು ಹೊರಡಿಸುವುದು; ಕಾವೇರಿ, ಲಕ್ಷ್ಮಣತೀರ್ಥ, ಕಬಿನಿ ಈ ಮೂರು ನದಿಗಳ ಬಯಲಿನಲ್ಲಿ ಮೂರು ದಿನ ತಿರುಗುವುದು ಎಂದು ನಿಶ್ಚಯಿಸಿದೆ.

ಬೆಂಗಳೂರಿನಲ್ಲೇ ಹುಟ್ಟಿ ಕನ್ನಡ ಕಲಿತ ಬೆಂಜಮಿನ್ ಲೂಯಿಸ್ ರೈಸ್ ಮತ್ತು ಅವರ ಪಂಡಿತರು ಮೈಸೂರು ಸಂಸ್ಥಾನದ ಹಳ್ಳಿಹಳ್ಳಿ ಅಲೆದು 8,869 ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕ’ದ ಹನ್ನೆರಡು ಸಂಪುಟಗಳಿಗೆ ಇಳಿಸಿದರು. ಆ ಸಂಪುಟಗಳಲ್ಲಿ ನನಗೆ ಪಾಠದಷ್ಟೇ ಬೆಲೆಯುಳ್ಳದ್ದು ಪ್ರತಿ ಶಾಸನದ ತಲೆಯಲ್ಲಿರುವ ಒಂದು ಸಾಲು. ದೇವಸ್ಥಾನದ ನವರಂಗದಲ್ಲಿ, ಕೆರೆ ಏರಿಯ ಮೇಲೆ, ಊರ ಬಡಗಣ ಹೊಲದಲ್ಲಿ ಎಂದು ಕಲ್ಲು ನಿಂತ ಜಾಗ ಹೇಳುವ ಸಾಲು ಅದು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕೃತ ಸಂಪುಟಗಳನ್ನು ತರತೊಡಗಿದಾಗ ಹಳೆಯ ಪಾಠಗಳನ್ನು ತಿದ್ದಿತು, ಹೊಸ ಶಾಸನಗಳನ್ನು ಸೇರಿಸಿತು. ಎರಡನ್ನೂ ಪಕ್ಕದಲ್ಲಿಟ್ಟುಕೊಂಡೇ ಈ ಸೀಮೆಗೆ ಹೋಗಬೇಕು.

ಬೆಣ್ಣೆ ಚಾವಡಿಯಿಂದ ಅಮೃತ ಮಹಲಿಗೆ

ಮೈಸೂರಿನಿಂದ ಪಡುವಣಕ್ಕೆ ಹೊರಟು ಇಲವಾಲ ದಾಟಿದ ಮೇಲೆ ಬಲಕ್ಕೆ ಹೊರಳಿದರೆ ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿ. ಹೊಲಗಳ ನಡುವೆ ಒಂಟಿಯಾಗಿ ಎದ್ದಿರುವ ಬಂಡೆ, ಅದರ ನೆತ್ತಿಯ ಮೇಲೆ ಸುಮಾರು ಇಪ್ಪತ್ತು ಅಡಿಯ ಬಾಹುಬಲಿ. ಸುತ್ತಲಿನವರ ಬಾಯಲ್ಲಿ ಈ ಬಂಡೆ ‘ಶ್ರವಣಗುಡ್ಡ’. ಶ್ರವಣ ಎಂದರೆ ಶ್ರಮಣ, ಜೈನ ಮುನಿ. ಶ್ರವಣಬೆಳಗೊಳದ ಹೆಸರಿನಲ್ಲಿ ಇರುವುದೂ ಈ ಶಬ್ದವೇ. ಜೈನರ ಮನೆಗಳು ವಿರಳವಾದ ಸೀಮೆಯಲ್ಲಿ ಜೈನ ಮುನಿಗಳ ನೆನಪನ್ನು ಹೊತ್ತುಕೊಂಡು ಬಂದದ್ದು ಗುಡ್ಡದ ಹೆಸರು. ಮೊದಲ ದಿನದ ಮೊದಲ ನಿಲ್ದಾಣದಲ್ಲೇ ನೋಟ್‌ಬುಕ್ಕಿಗೆ ನಾಲ್ಕನೆಯ ಕಲಂ ಬೇಕಾಯಿತು: ಜನ ಕರೆಯುವ ಹೆಸರು.

ಹುಣಸೂರಿನ ಇತಿಹಾಸ ಹುಡುಕುವವರು ಶಾಸನಕ್ಕಿಂತ ಹೆಚ್ಚಾಗಿ ದನಕರುಗಳ ಲೆಕ್ಕಪತ್ರ ಓದಬೇಕಾಗುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಹಸುಗಳ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂದು ಹೆಸರಿತ್ತು. ಟಿಪ್ಪು ಅದನ್ನು ‘ಅಮೃತ ಮಹಲ್’ ಎಂದು ಕರೆದ. ಹೆಸರು ಹಾಲುಬೆಣ್ಣೆಯದಾದರೂ ಆ ರಾಸುಗಳ ನಿಜವಾದ ಕೆಲಸ ತೋಪು ಎಳೆಯುವುದು, ದಂಡಿನ ಸಾಮಾನು ಹೊರುವುದು. 1799ರ ನಂತರ ಅವು ಬ್ರಿಟಿಷರ ಕೈಗೆ ಹೋದವು. ಹುಣಸೂರು ಅವುಗಳ ಕೇಂದ್ರವಾಯಿತು. ದಂಡಿಗೆ ಬೇಕಾದ ಚರ್ಮ ಹದಮಾಡುವ ಕೆಲಸ, ಮರಮುಟ್ಟಿನ ಕೆಲಸ, ಕಂಬಳಿ ನೇಯುವ ಕೆಲಸ ಇಲ್ಲಿ ಬೆಳೆದವು. 1860ರಲ್ಲಿ ಖರ್ಚು ಉಳಿಸಲೆಂದು ಆ ಮಂದೆಗಳನ್ನು ಮಾರಿಬಿಟ್ಟರು. ಆರು ವರ್ಷದೊಳಗೆ ತಪ್ಪು ಅರಿವಾಗಿ, 1866ರಲ್ಲಿ ಮತ್ತೆ ಕಟ್ಟತೊಡಗಿದರು. ತಲೆಮಾರುಗಳಿಂದ ಸಾಕಿದ ತಳಿಯನ್ನು ಒಂದು ಸಹಿಯಲ್ಲಿ ಚದುರಿಸಬಹುದು, ಮತ್ತೆ ಕೂಡಿಸಲು ವರ್ಷಗಳು ಬೇಕು ಎಂಬುದಕ್ಕೆ ಈ ಕಡತಗಳು ಸಾಕ್ಷಿ.

ಆ ರಾಸುಗಳು ಮೇಯುತ್ತಿದ್ದ ಹುಲ್ಲುಗಾವಲಿಗೆ ‘ಕಾವಲು’ ಎನ್ನುತ್ತಾರೆ. ದನಗಳು ಹೋದರೂ ಪಹಣಿಯಲ್ಲಿ, ಊರ ಹೆಸರಿನ ಕೊನೆಯಲ್ಲಿ ಆ ಶಬ್ದ ಉಳಿದಿದೆ. ಈಗ ರಸ್ತೆಯ ಎರಡೂ ಬದಿಗೆ ಹೊಗೆಸೊಪ್ಪಿನ ಹೊಲ, ಅವುಗಳ ನಡುವೆ ಸೊಪ್ಪು ಬೇಯಿಸುವ ಬ್ಯಾರನ್‌ಗಳು. ಕಾವಲು ಎಂದರೆ ಏನೆಂದು ರಸ್ತೆಬದಿಯ ಹೋಟೆಲಿನಲ್ಲಿ ಹುಡುಗನೊಬ್ಬನನ್ನು ಕೇಳಿದೆ. “ಕಾಯೋದು ಸಾರ್” ಅಂದ. ಅವನು ಹೇಳಿದ್ದು ತಪ್ಪಲ್ಲ. ಏನನ್ನು ಕಾಯುತ್ತಿದ್ದರು ಎಂಬುದು ಮಾತ್ರ ಅವನವರೆಗೆ ಬಂದಿಲ್ಲ.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಹೆಸರು ನನ್ನ ನೋಟ್‌ಬುಕ್ಕಿನಲ್ಲಿ ಎರಡು ಕಡೆ ಇತ್ತು. ಒಂದು ಕಡೆ ಹದಿನಾರನೆಯ ಶತಮಾನದ ಆರಂಭದ ಕವಿ ಮೂರನೆಯ ಮಂಗರಸ. ಈ ಸೀಮೆಯ ಚಂಗಾಳ್ವ ಅರಸರ ಅಧೀನದಲ್ಲಿ ಕಲ್ಲಹಳ್ಳಿಯನ್ನು ಆಳಿದ ಮನೆತನದವನು, ಜೈನ. ‘ಜಯನೃಪಕಾವ್ಯ’, ‘ನೇಮಿಜಿನೇಶ ಸಂಗತಿ’, ‘ಸಮ್ಯಕ್ತ್ವ ಕೌಮುದಿ’ ಬರೆದ ಇವನೇ ‘ಸೂಪಶಾಸ್ತ್ರ’ವನ್ನೂ ಬರೆದ. ಷಟ್ಪದಿಯಲ್ಲಿ ಅಡುಗೆ ಹೇಳಿದ ಕೃತಿ ಅದು. ಅರಸರ ಯುದ್ಧವನ್ನು ಬರೆದವರು ಬಹಳ ಜನ. ಹಿಟ್ಟು ನಾದುವುದನ್ನು, ಕಾಯಿಪಲ್ಯ ಬೇಯಿಸುವುದನ್ನು ಪದ್ಯಕ್ಕೆ ತಂದು ತಿಂಡಿತಿನಿಸುಗಳ ಹೆಸರನ್ನು ಐನೂರು ವರ್ಷ ಉಳಿಸಿದವನು ಈ ಸಣ್ಣ ಸೀಮೆಯ ಪ್ರಭು.

ಇನ್ನೊಂದು ಕಡೆ ಡಿ. ದೇವರಾಜ ಅರಸು. 1915ರ ಆಗಸ್ಟ್ 20ರಂದು ಹುಟ್ಟಿದ ಅವರ ಊರೂ ಕಲ್ಲಹಳ್ಳಿಯೇ. ಉಳುವವನಿಗೆ ಭೂಮಿ ಕೊಟ್ಟ 1974ರ ತಿದ್ದುಪಡಿಗಾಗಿ ಅವರನ್ನು ಈ ಭಾಗದ ಜನ ನೆನೆಯುತ್ತಾರೆ. ಹೆಸರುಗಳ ಬೆನ್ನುಹತ್ತಿದ ನನಗೆ ಅದಕ್ಕಿಂತ ಒಂದು ವರ್ಷ ಹಿಂದಿನ ತಾರೀಖು ಮುಖ್ಯವಾಗಿ ಕಂಡಿತು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ‘ಕರ್ನಾಟಕ’ವಾದಾಗ ಮುಖ್ಯಮಂತ್ರಿಯಾಗಿದ್ದವರು ಅವರೇ. ಹೆಸರು ಬದಲಾದಾಗ ಊರ ದಾಖಲೆ ಕಣ್ಣಿಗೆ ಸಿಗದಂತಾಗುವುದನ್ನು ಕಂಡು ಹೊರಟವನು, ಬದಲಾದ ಹೆಸರೊಂದು ನಾಡಿನ ಜನಕ್ಕೆ ತಮ್ಮನ್ನೇ ಮರಳಿ ಕೊಟ್ಟ ಸಂಗತಿಯನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ.

ಪಿರಿಯ ಎಂದರೆ ಹಿರಿಯ

ಪಿರಿಯಾಪಟ್ಟಣವನ್ನು ಇಂಗ್ಲಿಷರ ಯುದ್ಧದ ವರದಿಗಳಲ್ಲಿ ಹುಡುಕುವಾಗ ‘ಪೆರಿಯಾಪಟಂ’ ಎಂದು ಓದಿಕೊಳ್ಳಬೇಕು. ಆ ರೂಪ ನೋಡಿ ಊರ ಹೆಸರು ತಮಿಳಿನ ‘ಪೆರಿಯ’ದಿಂದ ಬಂತು ಎನ್ನುವವರಿದ್ದಾರೆ. ದಾಖಲೆ ಬೇರೆ ಹೇಳುತ್ತದೆ. ಇಲ್ಲಿಯ ಚಂಗಾಳ್ವ ಅರಸ ರುದ್ರಗಣ, ಪಿರಿಯರಾಜ ಎಂದು ಪ್ರಸಿದ್ಧನಾದವನು, 1586ರಿಂದ 1607ರವರೆಗೆ ಆಳಿದ. ಸಿಂಗಪಟ್ಟಣವೆಂಬ ಊರನ್ನು ಮತ್ತೆ ಕಟ್ಟಿ ತನ್ನ ಹೆಸರಿಟ್ಟ ಎನ್ನುತ್ತಾರೆ ರೈಸ್. ‘ಪಿರಿಯ’ ಎಂಬುದು ಹಳಗನ್ನಡದ ಶುದ್ಧ ಶಬ್ದ, ಇವತ್ತಿನ ‘ಹಿರಿಯ’. ಪಾಲು ಹಾಲಾಯಿತು, ಪೂ ಹೂವಾಯಿತು, ಪಳ್ಳಿ ಹಳ್ಳಿಯಾಯಿತು. ಈ ಊರು ಮಾತ್ರ ತನ್ನ ಪಕಾರವನ್ನು ಬಿಟ್ಟುಕೊಡಲಿಲ್ಲ. ಈ ಒಂದು ಅಕ್ಷರ ಮರುದಿನ ನನಗೆ ಇನ್ನೊಂದು ಬಾಗಿಲು ತೆರೆಯಲಿತ್ತು.

ಚಂಗಾಳ್ವರು ಹನ್ನೊಂದನೆಯ ಶತಮಾನದಿಂದ ಹದಿನೇಳನೆಯ ಶತಮಾನದವರೆಗೆ ಹುಣಸೂರು, ಪಿರಿಯಾಪಟ್ಟಣ ಮತ್ತು ಕೊಡಗಿನ ಮೂಡಣ ಸೀಮೆಯಲ್ಲಿ ಆಳಿದವರು. ಚೋಳರಿಗೆ, ಹೊಯ್ಸಳರಿಗೆ, ವಿಜಯನಗರಕ್ಕೆ ಬಾಗಿಯೂ ಮುರಿಯದೆ ಬದುಕಿದವರು. ಅವರ ಕೊನೆಯಾದದ್ದು ನೆರೆಯ ಮೈಸೂರಿನವರಿಂದ. ರಣಧೀರ ಕಂಠೀರವ ನರಸರಾಜ ಒಡೆಯರ ದಂಡು 1645ರ ಹೊತ್ತಿಗೆ ಪಿರಿಯಾಪಟ್ಟಣವನ್ನು ಹಿಡಿಯಿತು. ಗೆಲ್ಲುವ ಆಸೆ ಉಳಿಯದಾದಾಗ ಚಂಗಾಳ್ವ ಅರಸ ವೀರರಾಜ ತನ್ನ ಹೆಂಡಿರು ಮಕ್ಕಳನ್ನು ತಾನೇ ಕೊಂದು, ಹೊರಗೆ ಬಂದು ಹೋರಾಡಿ ಮಡಿದ ಎಂದು ಗೆಜೆಟಿಯರ್ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತದೆ.

ಆ ವಾಕ್ಯದ ಮುಂದೆ ನಾನು ಬಹಳ ಹೊತ್ತು ನಿಂತೆ. ಗೆದ್ದವರ ಕಡೆಯಿಂದ ಗೋವಿಂದವೈದ್ಯ 1648ರಲ್ಲಿ ‘ಕಂಠೀರವ ನರಸರಾಜ ವಿಜಯ’ವೆಂಬ ಕಾವ್ಯವನ್ನೇ ಬರೆದ. ಸೋತವರ ಪರವಾಗಿ ಜನಪದರು ‘ಪಿರಿಯಾಪಟ್ಟಣದ ಕಾಳಗ’ ಕಟ್ಟಿ ಹಾಡಿದರು. ಅರಮನೆಯ ಕಾವ್ಯ ಗ್ರಂಥಾಲಯದಲ್ಲಿ ಉಳಿದರೆ ಇದು ಬಾಯಿಂದ ಬಾಯಿಗೆ ಬಂತು. ಆದರೆ ಕೋಟೆಯೊಳಗೆ ಸತ್ತ ಆ ಹೆಂಗಸರು? ನಾನು ನೋಡಿದ ಯಾವ ಪುಟದಲ್ಲೂ ಅವರಿಗೆ ಹೆಸರಿಲ್ಲ. ನೋಟ್‌ಬುಕ್ಕಿನಲ್ಲಿ ಅವರಿಗಾಗಿ ಒಂದು ಸಾಲು ಖಾಲಿ ಬಿಟ್ಟೆ. ಮೂರನೆಯ ದಿನ ಹೆಗ್ಗಡದೇವನಕೋಟೆಗೆ ಹೋಗುವಾಗ ಆ ಖಾಲಿ ಸಾಲು ನನ್ನ ಜೊತೆಗೇ ಇತ್ತು.

ಪಿರಿಯಾಪಟ್ಟಣದ ಪಡುವಣಕ್ಕೆ ಕೊಡಗಿನ ಗಡಿಯ ಕಾಡಿನಲ್ಲಿ ಇನ್ನೊಂದು ಕಳೆದ ಹೆಸರಿದೆ. 1799ರ ಮಾರ್ಚ್ 6ರಂದು ಕೇರಳದ ಕಡೆಯಿಂದ ಘಟ್ಟ ಹತ್ತಿ ಬಂದ ಬೊಂಬಾಯಿ ಸೈನ್ಯದ ಮುಂಗಾವಲಿನ ಮೇಲೆ ಟಿಪ್ಪು ಎರಗಿದ. ಹಿಂದಿನ ದಿನವೇ ಕೊಡಗಿನ ಗುಡ್ಡದ ಮೇಲಿನಿಂದ ಪಿರಿಯಾಪಟ್ಟಣದ ಬಯಲಿನಲ್ಲಿ ಡೇರೆಗಳೆದ್ದದ್ದು ಕಂಡಿತ್ತು. ಗಂಟೆಗಟ್ಟಲೆ ಕಾಳಗ ನಡೆದು, ಆ ಸೈನ್ಯದ ಮುಖ್ಯಸ್ಥ ಜನರಲ್ ಸ್ಟುವರ್ಟ್ ಹೊಸ ದಂಡು ತಂದ ಮೇಲೆ ಟಿಪ್ಪು ಹಿಂದಕ್ಕೆ ಸರಿದ. ಎರಡೇ ತಿಂಗಳಿಗೆ, ಮೇ 4ಕ್ಕೆ, ಶ್ರೀರಂಗಪಟ್ಟಣ ಬಿತ್ತು. ಇಂಗ್ಲಿಷ್ ದಾಖಲೆಗಳು ಈ ಜಾಗವನ್ನು ‘ಸೀದಾಸೀರ್’ ಎನ್ನುತ್ತವೆ; ನಮ್ಮ ಸಿದ್ದೇಶ್ವರ ಅವರ ಕಿವಿಗೆ ಹಾಗೆ ಬಿತ್ತು. ‘ಸೀದಾಸೀರ್’ ಎಂದು ಕೇಳಿದರೆ ಯಾರೂ ದಾರಿ ತೋರಿಸಲಾರರು.

ಸಂಜೆಗೆ ಬೆಟ್ಟದಪುರ. ಸುತ್ತಣ ಬಯಲಿನಿಂದ ಶಂಕುವಿನಂತೆ ಎದ್ದ ಒಂಟಿ ಬೆಟ್ಟ, ರೈಸರ ಲೆಕ್ಕದಲ್ಲಿ ಸಮುದ್ರಮಟ್ಟದಿಂದ 4,389 ಅಡಿ. ಮೇಲೆ ಸಿಡಿಲು ಮಲ್ಲಿಕಾರ್ಜುನ, ಮೊದಲು ಜೈನರಾಗಿದ್ದು ಆಮೇಲೆ ಶೈವರಾದ ಚಂಗಾಳ್ವರ ಕುಲದೇವರು. ಶಾಸನಗಳಲ್ಲಿ ಅವನು ಅನ್ನದಾನಿ ಮಲ್ಲಿಕಾರ್ಜುನ, ಬೆಟ್ಟ ಶ್ರೀಗಿರಿ. ಕೆಳಗಿನ ಊರಿನಲ್ಲಿ ತಮಿಳು ಸೀಮೆಯಿಂದ ಬಂದು ನೆಲೆಸಿದ ಸಂಕೇತಿಗಳು ಇಂದಿಗೂ ಮನೆಯೊಳಗೆ ಸಂಕೇತಿ ಮಾತಾಡುತ್ತಾರೆ. ತಾವು ಊರು ಬಿಟ್ಟು ಬಂದದ್ದಕ್ಕೆ ಅವರು ನಾಚಾರಮ್ಮ ಎಂಬ ಹೆಣ್ಣಿನ ಕತೆ ಹೇಳುತ್ತಾರೆ. ಪಂಡಿತರ ಅವಮಾನಕ್ಕೆ ಈಡಾದ ವಿದ್ವಾಂಸೆ ಅವಳು. ಕಲ್ಲಿನ ಮೇಲೆ ಬರೆಯದೆಯೂ ಒಂದು ಸಮುದಾಯ ಒಬ್ಬಳ ಹೆಸರನ್ನು ನಾಲಿಗೆಯ ಮೇಲೆ ಕಾಪಾಡಿಕೊಂಡು ಬಂದಿದೆ.

ರಾಮ ಕಟ್ಟಿಸಿದ ಬಸದಿ

ಎರಡನೆಯ ದಿನ ಕಾವೇರಿಯ ದಿನ. ಹಿಂದಿನ ರಾತ್ರಿ ಓದುತ್ತಿದ್ದದ್ದು ಚೋಳರ ಕಾಲದ ಒಂದು ಕೊಡಗಿನ ಶಾಸನ. ರಾಜರಾಜ ಚೋಳನ ದಂಡನಾಯಕ ಪಂಚವನ್ ಮಾರಾಯ ‘ಪನಸೋಗೆ’ಯ ಯುದ್ಧದಲ್ಲಿ ಶೌರ್ಯ ತೋರಿದ ಮನಿಜ ಎಂಬವನಿಗೆ ಮಾಳಂಬಿಯನ್ನು ಕೊಟ್ಟು, ‘ಕ್ಷತ್ರಿಯ ಶಿಖಾಮಣಿ ಕೊಂಗಾಳ್ವ’ ಎಂದು ಪಟ್ಟ ಕಟ್ಟಿದ. ಕೊಂಗಾಳ್ವರ ಮನೆತನ ಹುಟ್ಟಿದ್ದು ಹಾಗೆ. ಆದರೆ ಪನಸೋಗೆ ಎಲ್ಲಿ? ನಕಾಶೆಯಲ್ಲಿ ಆ ಹೆಸರಿಲ್ಲ. ಪಿರಿಯ ಹಿರಿಯನಾದ ಸೂತ್ರ ನೆನಪಾಯಿತು. ಪಕಾರವನ್ನು ಹಕಾರ ಮಾಡಿದೆ. ಹನಸೋಗೆ! ಕೃಷ್ಣರಾಜನಗರದ ಸೀಮೆಯ ಚಿಕ್ಕಹನಸೋಗೆ. ವಿದ್ವಾಂಸರು ನೂರು ವರ್ಷ ಹಿಂದೆಯೇ ಗುರುತಿಸಿಟ್ಟದ್ದು ಇದು. ಆದರೂ ಸ್ವಂತವಾಗಿ ಒಂದು ಅಕ್ಷರ ಬದಲಿಸಿ ಸಾವಿರ ವರ್ಷ ಹಿಂದಿನ ರಣರಂಗ ಕಣ್ಣಮುಂದೆ ಬಂದಾಗಿನ ಸಂತೋಷ ಹೇಳತೀರದು.

ಚಿಕ್ಕಹನಸೋಗೆಯಲ್ಲಿ ಮೂರು ಗರ್ಭಗುಡಿಗಳ ಆದಿನಾಥ ಬಸದಿ ಇದೆ. ಊರೊಳಗೆ ದಾರಿ ಕೇಳಿದಾಗ ಜಗಲಿಯ ಮೇಲೆ ಕೂತಿದ್ದ ಹಿರಿಯರೊಬ್ಬರು ಎದ್ದುಬಂದರು.

“ಯಾವ ಕಲ್ಲು ನೋಡ್ಬೇಕು ಸಾಮಿ? ಬರ್ದಿರೋ ಕಲ್ಲಾ, ಗೊಂಬೆ ಕಲ್ಲಾ?”

ಶಾಸನ ಮತ್ತು ವೀರಗಲ್ಲಿನ ವ್ಯತ್ಯಾಸವನ್ನು ಇಷ್ಟು ಚೆನ್ನಾಗಿ ಹೇಳುವ ಮಾತು ನಮ್ಮ ಪುಸ್ತಕಗಳಲ್ಲಿಲ್ಲ. ಬರ್ದಿರೋ ಕಲ್ಲು ಎಂದೆ. “ಅಂಗಾರೆ ಬನ್ನಿ” ಎಂದು ಮುಂದೆ ನಡೆದರು.

ಹನಸೋಗೆಯ ಶಾಸನಗಳು ಹೇಳುವ ಸಂಗತಿ ಬೆರಗಿನದು. ಪನಸೋಗೆಯಲ್ಲಿ ಅರವತ್ತನಾಲ್ಕು ಬಸದಿಗಳಿದ್ದವು; ಅವನ್ನು ಮೊದಲು ಸ್ಥಾಪಿಸಿದವನು ದಶರಥನ ಮಗ, ಲಕ್ಷ್ಮಣನ ಅಣ್ಣ, ಸೀತೆಯ ಗಂಡನಾದ ರಾಮ! ಜೀರ್ಣವಾದ ಬಸದಿಯನ್ನು 1060ರ ಸುಮಾರಿಗೆ ಮತ್ತೆ ಕಟ್ಟಿಸಿದವನು ರಾಜೇಂದ್ರಚೋಳ ನನ್ನಿ ಚಂಗಾಳ್ವ. ಗೆದ್ದ ಚೋಳ ಚಕ್ರವರ್ತಿಯ ಹೆಸರನ್ನು ತನ್ನ ಹೆಸರಿನ ಮುಂದೆ ಹೊತ್ತ ಚಂಗಾಳ್ವ ಅರಸ ಜೈನ ಬಸದಿ ಕಟ್ಟಿಸುತ್ತಾನೆ. ಆ ಬಸದಿ ರಾಮನದೆನ್ನುತ್ತಾರೆ. ಹನಸೋಗೆಯ ಮುನಿಗಳು ಇಲ್ಲಿಂದ ತಲಕಾವೇರಿಯವರೆಗಿನ ಬಸದಿಗಳೆಲ್ಲ ತಮ್ಮ ಅಧಿಕಾರಕ್ಕೆ ಸೇರಿದವು ಎಂದು ಹೇಳಿಕೊಂಡಿದ್ದರು.

ಇದೇ ಸೀಮೆಯ ಚುಂಚನಕಟ್ಟೆಯಲ್ಲಿ ಕಾವೇರಿ ಬಂಡೆಗಳ ನಡುವೆ ಕವಲೊಡೆದು ಧುಮುಕುತ್ತಾಳೆ. ದಡದ ಗುಡಿಯಲ್ಲಿ ಕೋದಂಡರಾಮ. ಇಲ್ಲಿ ಸೀತೆ ರಾಮನ ಎಡಕ್ಕಲ್ಲ, ಬಲಕ್ಕೆ ನಿಂತಿದ್ದಾಳೆ. ರಾಮ ಇಲ್ಲಿಗೆ ಬಂದಾಗ ಚುಂಚ ಚುಂಚಿ ಎಂಬ ಕಾಡಿನ ಗಂಡಹೆಂಡಿರು ಇದ್ದರೆಂದು ಸ್ಥಳದ ಕತೆ. ಊರಿಗೆ ಉಳಿದಿರುವುದು ಅವರ ಹೆಸರೇ. ಸಂಕ್ರಾಂತಿಯ ಆಸುಪಾಸಿನ ದನಗಳ ಜಾತ್ರೆಗೆ ಸುತ್ತಲಿನ ರೈತರೆಲ್ಲ ಇಲ್ಲಿ ಸೇರುತ್ತಾರೆ. ಒಂದೇ ನದಿಯ ದಡದಲ್ಲಿ ಜೈನರ ರಾಮ, ವೈಷ್ಣವರ ರಾಮ, ಕಾಡಿನವರ ರಾಮ. ಮೂವರಿಗೂ ಜಾಗ ಕೊಟ್ಟದ್ದು ಕಾವೇರಿ.

ಹತ್ತಿರದ ಸಾಲಿಗ್ರಾಮ ರಾಮಾನುಜರು ಚೋಳದೇಶ ಬಿಟ್ಟು ಬಂದಾಗ ತಂಗಿದ ಊರೆಂದು ಶ್ರೀವೈಷ್ಣವರು ನಂಬುತ್ತಾರೆ. ಅವರ ಶಿಷ್ಯ ವಡುಗ ನಂಬಿ ಇಲ್ಲಿಯವನು. ಕಾವೇರಿಯ ದಡದ ಕಪ್ಪಡಿಯಲ್ಲಿ ಮಂಟೇಸ್ವಾಮಿ ಪರಂಪರೆಯ ರಾಚಪ್ಪಾಜಿ, ಚನ್ನಾಜಮ್ಮರ ಗದ್ದುಗೆಗಳಿವೆ. ಶಿವರಾತ್ರಿಯಿಂದ ಸುಮಾರು ಒಂದು ತಿಂಗಳು ನಡೆಯುವ ಜಾತ್ರೆಗೆ ಆ ಪರಂಪರೆಯ ಹಾಡುಗಾರರಾದ ನೀಲಗಾರರು ತಂಬೂರಿ ಹಿಡಿದು ಬರುತ್ತಾರೆ. ದೋರನಹಳ್ಳಿಯಲ್ಲಿ ಉಳುವಾಗ ರೈತನಿಗೆ ಸಿಕ್ಕ ಮರದ ಮೂರ್ತಿಯಿಂದ ಹುಟ್ಟಿದ ಸಂತ ಅಂತೋಣಿಯವರ ಗುಡಿ 2019ರಲ್ಲಿ ಬಸಿಲಿಕವಾಯಿತು. ಅರ್ಧ ದಿನದ ದಾರಿಯಲ್ಲಿ ಇಷ್ಟೊಂದು ನಂಬಿಕೆಗಳ ದಾಖಲೆಗಳು ಸಿಗುವ ಸೀಮೆ ಅಪರೂಪ.

ಕೊನೆಗೆ ಎಡತೊರೆ. ಕಾವೇರಿಯ ನೆರೆಗೆ ಹಳೆಯ ಊರು ಜಖಂಗೊಂಡ ಮೇಲೆ 1925ರಿಂದ 1930ರ ನಡುವೆ ಎತ್ತರದ ನೆಲದಲ್ಲಿ ಹೊಸ ಊರು ಕಟ್ಟಿ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. ಹಳೆಯ ಎಡತೊರೆಯಲ್ಲಿ ಅರ್ಕೇಶ್ವರ ಮಾತ್ರ ತನ್ನ ಸೋಪಾನಗಳೊಂದಿಗೆ ಹೊಳೆಯ ದಡದಲ್ಲೇ ಉಳಿದ.

ಇಲ್ಲಿ ನನ್ನ ನೋಟ್‌ಬುಕ್ಕಿಗೆ ಒಂದು ಎಚ್ಚರಿಕೆಯೂ ಸಿಕ್ಕಿತು. ರಾಜೇಂದ್ರ ಚೋಳನ ಪ್ರಶಸ್ತಿಗಳಲ್ಲಿ ಅವನು ಗೆದ್ದ ನಾಡುಗಳ ಸಾಲಿನಲ್ಲಿ ‘ಇಡೈತುರೈ ನಾಡು’ ಬರುತ್ತದೆ. ಮೊದಮೊದಲು ವಿದ್ವಾಂಸರು ಅದನ್ನು ಈ ಎಡತೊರೆ ಎಂದೇ ಬಗೆದರು. ಹೆಸರು ಹೊಂದುತ್ತದೆ, ಚೋಳರು ಈ ಸೀಮೆಗೆ ಬಂದದ್ದೂ ನಿಜ. ಆದರೆ ಶಾಸನ ವಿದ್ವಾಂಸ ಫ್ಲೀಟ್ ಅದನ್ನು ತಿದ್ದಿದರು: ಅದು ಕೃಷ್ಣಾ ತುಂಗಭದ್ರೆಗಳ ನಡುವೆ, ರಾಯಚೂರಿನ ಕಡೆಯ ಎಡೆದೊರೆ ಎರಡುಸಾಸಿರ. ಎಡ ಬೇರೆ, ಎಡೆ ಬೇರೆ. ಒಂದು ಎಡಬದಿಯ ತೊರೆ, ಇನ್ನೊಂದು ಎರಡು ತೊರೆಗಳ ನಡುವಿನ ನೆಲ. ಪಕಾರ ಹಕಾರ ಮಾಡಿ ಪನಸೋಗೆ ಹಿಡಿದ ಹುರುಪಿನಲ್ಲಿ ನಾನೂ ಇಲ್ಲಿ ಜಾರುತ್ತಿದ್ದೆ. ಹೆಸರು ದಾರಿ ತೋರಿಸುತ್ತದೆ, ದಾರಿ ತಪ್ಪಿಸುತ್ತದೆ ಕೂಡ. ಅಕ್ಕಪಕ್ಕದ ಊರುಗಳು, ಅರಸರ ಕಾಲ, ದಂಡು ನಡೆದ ಹಾದಿ ಇವು ಮೂರೂ ಒಪ್ಪಿದ ಮೇಲೆಯೇ ಗುರುತು ಗಟ್ಟಿ.

ದೇಕಬ್ಬೆಯ ಕಲ್ಲು

ಮೂರನೆಯ ದಿನ ಹೆಗ್ಗಡದೇವನಕೋಟೆ. ಎಲ್ಲರೂ ಆನೆ ನೋಡಲು ಹೋಗುವ ದಾರಿಯಲ್ಲಿ ನಾನು ಒಬ್ಬ ಹೆಣ್ಣುಮಗಳನ್ನು ನೋಡಲು ಹೊರಟಿದ್ದೆ. ಅವಳ ಕತೆ ಹೇಳುವ ಬೆಳತೂರಿನ ಶಾಸನ ಶಕ 979, ಅಂದರೆ 1057ನೆಯ ಇಸವಿಯದು. ಆಗ ಈ ಸೀಮೆ ಚೋಳರ ಕೈಯಲ್ಲಿತ್ತು. ಗಂಗರ ತಲಕಾಡೇ ರಾಜರಾಜಪುರವಾಗಿತ್ತು.

ನುಗುನಾಡಿನ ಒಡೆಯ ರವಿಗನ ಮಗಳು ದೇಕಬ್ಬೆ. ನವಿಲೆನಾಡನ್ನು ಆಳುತ್ತಿದ್ದ ಏಚನಿಗೆ ಅವಳನ್ನು ಕೊಟ್ಟಿದ್ದರು. ಏಚ ಮಲ್ಲಯುದ್ಧದಲ್ಲಿ ಎದುರಾಳಿಯನ್ನು ಕೊಂದುಬಿಟ್ಟ. ಅರಸನ ಆಜ್ಞೆಯಂತೆ ಅವನನ್ನು ತಲಕಾಡಿಗೆ ಒಯ್ದು ಕೊಲ್ಲಿಸಿದರು. ಸುದ್ದಿ ತಿಳಿದ ದೇಕಬ್ಬೆ ಬೆಂಕಿಗೆ ಬೀಳಲು ನಿರ್ಧರಿಸಿದಳು. ತಂದೆ ತಾಯಿ ಬೇಡವೆಂದು ತಡೆದರು, ನೆಂಟರಿಷ್ಟರು ತಡೆದರು. ಅವಳು ಕೇಳಲಿಲ್ಲ. ತನ್ನದನ್ನೆಲ್ಲ ದಾನ ಕೊಟ್ಟು ಚಿತೆ ಹೊಕ್ಕಳು. ಕಲ್ಲು ನಿಲ್ಲಿಸಿದವನು ಮಗಳನ್ನು ಕಳೆದುಕೊಂಡ ರವಿಗ.

ಕನ್ನಡದ ಅತ್ಯುತ್ತಮ ಕಾವ್ಯಗುಣದ ಶಾಸನಗಳಲ್ಲಿ ಒಂದೆಂದು ಇದನ್ನು ವಿದ್ವಾಂಸರು ಮೆಚ್ಚುತ್ತಾರೆ. ಮಹಾಸತಿಯ ಶಾಸನವೆಂದು ಪಟ್ಟಿಯಲ್ಲಿ ಸೇರಿಸುತ್ತಾರೆ. ನಾನು ಅದನ್ನು ಮತ್ತೆ ಮತ್ತೆ ಓದಿದ್ದು ಬೇರೆ ಕಾರಣಕ್ಕೆ. ಹೆಣ್ಣೊಬ್ಬಳು ಉರಿದುಹೋದದ್ದನ್ನು ಹೊಗಳಲು ನನ್ನಿಂದಾಗದು. 1829ರಲ್ಲಿ ಕಾನೂನು ನಿಲ್ಲಿಸಿದ ಆ ಪದ್ಧತಿಗೆ ಯಾವ ಕಾವ್ಯದ ಸಮರ್ಥನೆಯೂ ಬೇಡ. ಆದರೆ ಈ ಕಲ್ಲು ‘ಬೇಡ’ ಎಂದವರನ್ನು ಮರೆಸಿಲ್ಲ. ಮಾಸ್ತಿಕಲ್ಲುಗಳಲ್ಲಿ ನಾವು ಸಾಮಾನ್ಯವಾಗಿ ಕಾಣುವುದು ಬಳೆ ತೊಟ್ಟ ಎತ್ತಿದ ತೋಳೊಂದನ್ನು; ಅವಳು ಯಾರ ಮಗಳು, ಯಾರು ಅತ್ತರು, ಯಾರು ಸೆರಗು ಹಿಡಿದು ಎಳೆದರು ಎಂಬುದು ಅಲ್ಲಿಲ್ಲ. ಬೆಳತೂರಿನ ಕಲ್ಲಿನಲ್ಲಿ ಒಂದು ಮನೆಯೇ ಇದೆ. ಸಾವಿರ ವರ್ಷ ಹಿಂದೆ ಈ ಕಬಿನಿ ಸೀಮೆಯ ಅಪ್ಪನೊಬ್ಬ ಮಗಳು ಬದುಕಲಿ ಎಂದು ಬೇಡಿಕೊಂಡ ಎಂಬುದು ಲಿಖಿತ ದಾಖಲೆ.

ಪಿರಿಯಾಪಟ್ಟಣದಲ್ಲಿ ಖಾಲಿ ಬಿಟ್ಟಿದ್ದ ಸಾಲಿಗೆ ಇಲ್ಲಿ ಉತ್ತರ ಸಿಗಲಿಲ್ಲ, ಸಿಗುವಂಥದೂ ಅಲ್ಲ. ಆದರೆ ಆ ಸಾಲು ಯಾಕೆ ಖಾಲಿ ಎಂಬುದು ಸ್ಪಷ್ಟವಾಯಿತು. ದೇಕಬ್ಬೆಗೆ ಕಲ್ಲು ನಿಲ್ಲಿಸಲು ತಂದೆ ಬದುಕಿದ್ದ. ವೀರರಾಜನ ಹೆಂಡಿರ ಹೆಸರು ಬರೆಸಲು ಆ ಕೋಟೆಯಲ್ಲಿ ಯಾರೂ ಉಳಿಯಲಿಲ್ಲ. ದಾಖಲೆ ಎಂದರೆ ಕೊನೆಗೂ ಇಷ್ಟೆ: ಹಿಂದೆ ಉಳಿದವರಲ್ಲಿ ಒಬ್ಬರಾದರೂ ಹೆಸರು ಬರೆದಿಡಬೇಕು.

ನೀರಿನ ಕೆಳಗಿನ ರಾಜಧಾನಿ

ನೋಟ್‌ಬುಕ್ಕಿನ ಕೊನೆಯ ಊರು ಎಲ್ಲಕ್ಕಿಂತ ಹಳೆಯದು. ಎರಡನೆಯ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿ ‘ಪೌನ್ನಾಟ’ ಎಂಬಲ್ಲಿ ವೈಡೂರ್ಯ ಸಿಗುತ್ತದೆ ಎಂದು ಬರೆದ. ಇದು ನಮ್ಮ ಪುನ್ನಾಟ, ಗಂಗರಿಗಿಂತ ಮೊದಲು ಕಬಿನಿಯ ಬಯಲಿನಲ್ಲಿ ಬೆಳೆದ ರಾಜ್ಯ ಎಂಬುದನ್ನು ವಿದ್ವಾಂಸರು ಒಪ್ಪಿದ್ದಾರೆ. ಗಂಗ ಅವಿನೀತ ಪುನ್ನಾಟದ ಸ್ಕಂದವರ್ಮನ ಮಗಳನ್ನು ಮದುವೆಯಾದ. ಅವರ ಮಗ ದುರ್ವಿನೀತ. ತಾಯಿಯ ಕಡೆಯಿಂದ ಪುನ್ನಾಟ ಗಂಗರ ರಾಜ್ಯದೊಳಗೆ ಕರಗಿತು. ಹೆಸರು ಮಾತ್ರ ಬಹುದೂರ ಹೋಯಿತು: 783ರಲ್ಲಿ ಸಂಸ್ಕೃತದಲ್ಲಿ ‘ಹರಿವಂಶ ಪುರಾಣ’ ಮುಗಿಸಿದ ಜಿನಸೇನ ತಾನು ‘ಪುನ್ನಾಟ ಸಂಘ’ದವನೆಂದು ಹೇಳಿಕೊಂಡ.

ಈ ಪುನ್ನಾಟದ ರಾಜಧಾನಿ ಕೀರ್ತಿಪುರ ಅಥವಾ ಕಿತ್ತಿಪುರ. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಬಿನಿ ದಡದ ಕಿತ್ತೂರು ಅದೇ ಎಂದು ಗುರುತಿಸಲಾಗಿದೆ. ಇಷ್ಟು ಕಡೆಯ ಹೆಸರು ಸಿಕ್ಕ ಊರು ನನ್ನ ನೋಟ್‌ಬುಕ್ಕಿನಲ್ಲಿ ಇದೊಂದೇ: ನಾಡಿಗೆ ಟಾಲೆಮಿಯದು, ಊರಿಗೆ ತಾಮ್ರಶಾಸನದ್ದು, ಗೆಜೆಟಿಯರಿನದು, ಜನರದು. ಆದರೆ ಹೋಗಿ ನೋಡಲು ಊರಿಲ್ಲ. ಬೀಚನಹಳ್ಳಿಯ ಬಳಿ ಕಬಿನಿಗೆ ಕಟ್ಟಿದ ಅಣೆಕಟ್ಟು 1974ರಲ್ಲಿ ಮುಗಿದು ಹಿನ್ನೀರು ಏರಿದಾಗ ಮುಳುಗಿದ ನೆಲದಲ್ಲಿ ಅದೂ ಸೇರಿತು. ಅದಕ್ಕೂ ಮೂರು ವರ್ಷ ಮೊದಲು, 1971ರಲ್ಲಿ, ಇದೇ ಸೀಮೆಯ ಕಾಕನಕೋಟೆಯಲ್ಲಿ ಕಾಡಾನೆ ಹಿಡಿಯುವ ಕೊನೆಯ ಖೆಡ್ಡಾ ನಡೆದಿತ್ತು. ಆನೆಗಳನ್ನು ದಾಟಿಸಿ ಖೆಡ್ಡಾಕ್ಕೆ ಓಡಿಸುತ್ತಿದ್ದ ಹೊಳೆಯೇ ಈಗ ಜಲಾಶಯ.

ಬೇಸಗೆಯಲ್ಲಿ ನೀರು ಇಳಿದಾಗ ಹಿನ್ನೀರಿನ ಅಂಚಿನಲ್ಲಿ ಹುಲ್ಲು ಹುಟ್ಟುತ್ತದೆ, ಆನೆಗಳು ಬಂದು ಮೇಯುತ್ತವೆ. ಆ ಕಡೆಗೊಂದು ಜಾಗದ ಹೆಸರು ಮಾಸ್ತಿಗುಡಿ. ಮಹಾಸತಿ ಎಂಬ ಶಬ್ದ ಸವೆದು ಮಾಸ್ತಿಯಾಗಿದೆ. ಯಾರ ಗುಡಿ, ಯಾವ ಮಗಳದು ಎಂದು ಕೇಳಿದರೆ ಹೇಳುವ ಕಲ್ಲು ಈಗಿಲ್ಲ. ಹೆಸರು ಮಾತ್ರ ನೀರಿನ ಮೇಲೆ ತೇಲಿ ಉಳಿದಿದೆ.

ಆ ನೀರಿಗೆ ನಾನು ಶಾಪ ಹಾಕಲಾರೆ. ಅದರಿಂದ ಗದ್ದೆಗಳು ಬೆಳೆಯುತ್ತಿವೆ, ಊರುಗಳು ಕುಡಿಯುತ್ತಿವೆ. ನೀರು ಏರುವ ಮೊದಲೇ ಅಲ್ಲಿಯ ಶಾಸನಗಳನ್ನು ಅಚ್ಚುಹಾಕಿಸಿ ಇಟ್ಟಿದ್ದರಲ್ಲ, ಅವರಿಗೆ ಕೈಮುಗಿಯುತ್ತೇನೆ. ಕಿತ್ತೂರು ಮುಳುಗಿತು, ಕೀರ್ತಿಪುರ ಮುಳುಗಲಿಲ್ಲ. ಕಾಗದದ ಮೇಲೆ ಬರೆದಿಟ್ಟದ್ದರಿಂದ ಉಳಿಯಿತು.

ಈ ನಾಲ್ಕು ತಾಲ್ಲೂಕಿನಲ್ಲಿ ಹುಟ್ಟಿದ, ನೆಲೆಸಿದ ಓದುಗರಲ್ಲಿ ನನ್ನ ಪ್ರಾರ್ಥನೆ ಒಂದೇ. ನಿಮ್ಮೂರ ಬರ್ದಿರೋ ಕಲ್ಲಿಗೆ ಸುಣ್ಣ ಬಳಿಯಬೇಡಿ, ಎಣ್ಣೆ ಸುರಿಯಬೇಡಿ, ಬಟ್ಟೆ ಒಗೆಯುವ ಚಪ್ಪಡಿ ಮಾಡಬೇಡಿ. ರಸ್ತೆ ಅಗಲ ಮಾಡುವವರು ಅದನ್ನು ಕಿತ್ತಿಡಲು ಬಂದರೆ ಪಂಚಾಯಿತಿಗೂ ಪುರಾತತ್ವ ಇಲಾಖೆಗೂ ಮೊದಲು ತಿಳಿಸಿ. ಮನೆಯ ಅಜ್ಜ ಅಜ್ಜಿಯರ ಹತ್ತಿರ ಕೂತು ಊರ ಹಳೆಯ ಹೆಸರು, ಹೊಲಗಳ ಹೆಸರು, ಕಟ್ಟೆ ಕಾವಲುಗಳ ಹೆಸರು ಬರೆದಿಟ್ಟುಕೊಳ್ಳಿ. ಮಕ್ಕಳ ನೋಟ್‌ಬುಕ್ಕಿನ ಹಿಂಬದಿಯ ಎರಡು ಹಾಳೆ ಸಾಕು. ನಾಳೆ ಯಾರಾದರೂ ಪನಸೋಗೆ ಎಲ್ಲಿ ಎಂದು ಕೇಳಿಕೊಂಡು ಬಂದರೆ, ಜಗಲಿಯಿಂದ ಎದ್ದುಬಂದು ದಾರಿ ತೋರಿಸುವವರು ಊರಲ್ಲಿ ಒಬ್ಬರಾದರೂ ಇರಬೇಕು.